ಆಂಡರ್ಸನ್, ಎಡ್ವರ್ಡ್ ಮತ್ತು ಮತ್ಸ್ಯಕನ್ಯೆ

'ಪುಟ್ಟ ಮತ್ಸ್ಯಕನ್ಯೆ' ಡೆನ್ಮಾರ್ಕಿನ ಲೇಖಕ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರ ಏಪ್ರಿಲ್ 7ರಂದು ಪ್ರಕಟಿಸಿದ ಕಥೆ. ಕಡಲರಾಜನ ಕಿರಿಮಗಳು ನೆಲದ ರಾಜಕುಮಾರನೊಬ್ಬನನ್ನು ಪ್ರೀತಿಸುತ್ತಾಳೆ, ಅವನಿಗಾಗಿ ತನ್ನ ದನಿಯನ್ನೂ ಬಾಲವನ್ನೂ ತೊರೆಯುತ್ತಾಳೆ, ಅಷ್ಟಾದರೂ ಅವನನ್ನು ಪಡೆಯದೆ ನೊರೆಯಾಗುತ್ತಾಳೆ. ಮೇಲ್ನೋಟಕ್ಕೆ ಇದು ಒಂದು ಹೆಣ್ಣಿಗೂ ಗಂಡಿಗೂ ಸಂಬಂಧಿಸಿದ ಪ್ರೇಮಕಥೆ. ಆದರೆ ಇದನ್ನು ಬರೆಯುವ ಕಾಲದಲ್ಲಿ ಲೇಖಕನ ಮನಸ್ಸನ್ನು ತುಂಬಿದ್ದವನು ಎಡ್ವರ್ಡ್ ಕೊಲಿನ್ ಎಂಬ ಗಂಡಸು. ಕಥೆ ಹೊರಬರುವುದಕ್ಕೆ ಎಂಟು ತಿಂಗಳ ಮುಂಚೆ ಆ ಗಂಡಸಿನ ಮದುವೆಯಾಗಿತ್ತು. ಮನುಷ್ಯನಿಗೂ ಪುರಾಣಜೀವಿಗೂ ನಡುವಿನ ಪ್ರೇಮದ ಹೆಸರಿನಲ್ಲಿ ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಮೇಲಿಟ್ಟಿದ್ದ ಪ್ರೀತಿಯನ್ನು ಹೇಳಿಕೊಂಡ ಕಥೆಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಓದಿಸಿಕೊಂಡದ್ದು ಇದೇ ಇರಬೇಕು.

ಆಂಡರ್ಸನ್ ಹುಟ್ಟಿದ್ದು 1805ರ ಏಪ್ರಿಲ್ 2ರಂದು, ಫ್ಯೂನ್ ದ್ವೀಪದ ಓಡೆನ್ಸೆ ಪಟ್ಟಣದಲ್ಲಿ. ತಂದೆ ಚಪ್ಪಲಿ ಹೊಲಿಯುವವನು, ತಾಯಿ ಊರವರ ಬಟ್ಟೆ ಒಗೆಯುವವಳು. ಹನ್ನೊಂದನೆಯ ವಯಸ್ಸಿಗೆ ತಂದೆ ತೀರಿಕೊಂಡ. ಹದಿನಾಲ್ಕನೆಯ ವಯಸ್ಸಿನಲ್ಲಿ, 1819ರಲ್ಲಿ, ನಾಟಕದವನಾಗುವ ಹಂಬಲ ಹೊತ್ತು ಹುಡುಗ ಒಬ್ಬನೇ ರಾಜಧಾನಿ ಕೋಪನ್‌ಹೇಗನ್ನಿಗೆ ಬಂದ. ಅವನಿಗೆ ಒಳ್ಳೆಯ ಕಂಠವಿತ್ತು, ಹಾಡುತ್ತಿದ್ದ. ಆದರೆ ಸ್ವಲ್ಪ ಕಾಲದಲ್ಲೇ ಕಂಠ ಒಡೆದು ಹಾಡುಗಾರಿಕೆಯ ದಾರಿ ಮುಚ್ಚಿತು. ಕುಣಿತವನ್ನೂ ನಟನೆಯನ್ನೂ ಪ್ರಯತ್ನಿಸಿದ, ಯಾವುದೂ ಕೈಹಿಡಿಯಲಿಲ್ಲ. ಅವನಲ್ಲಿ ಏನೋ ಇದೆಯೆಂದು ಗುರುತಿಸಿದವರು ರಾಜ ರಂಗಮಂದಿರದ ಆಡಳಿತದಲ್ಲಿದ್ದ ಯೊನಾಸ್ ಕೊಲಿನ್ ಎಂಬ ಹಿರಿಯ ಅಧಿಕಾರಿ. ಅವರು ಅರಸನ ಬೊಕ್ಕಸದಿಂದ ಅವನ ಓದಿಗೆ ಹಣ ಕೊಡಿಸಿದರು. ಸ್ಲಾಗೆಲ್ಸೆ ಎಂಬ ಊರಿನ ಶಾಲೆಯಲ್ಲಿ, ಆಮೇಲೆ ಹೆಲ್ಸಿಂಗೋರ್‌ನಲ್ಲಿ, ತನಗಿಂತ ಎಷ್ಟೋ ಚಿಕ್ಕ ಮಕ್ಕಳ ಜೊತೆ ಕುಳಿತು ಅವನು ಕಲಿತ. ಸೈಮನ್ ಮೈಸ್ಲಿಂಗ್ ಎಂಬ ಮುಖ್ಯೋಪಾಧ್ಯಾಯರು ಅವನನ್ನು ಎಲ್ಲರೆದುರು ಹೀಯಾಳಿಸುತ್ತಿದ್ದರು. ಆ ವರ್ಷಗಳ ಕೆಟ್ಟ ಕನಸುಗಳು ಆಂಡರ್ಸನ್ನನಿಗೆ ಮುಪ್ಪಿನವರೆಗೂ ಬೀಳುತ್ತಿದ್ದವು.

ಕೊಲಿನ್ ಮನೆತನ ಅವನಿಗೆ ಎರಡನೆಯ ಮನೆಯಾಯಿತು. ಅಲ್ಲಿ ಊಟವಿತ್ತು, ಹರಟೆಯಿತ್ತು, ಹಬ್ಬಗಳಿಗೆ ಕರೆಯಿತ್ತು. ಆದರೆ ಅವನು ಆ ಮನೆಯ ಮಗನಾಗಲಿಲ್ಲ, ಮನೆಯವರು ಸಾಕಿದ ಹುಡುಗನಾಗಿಯೇ ಉಳಿದ. ಈ ವ್ಯತ್ಯಾಸ ಅವನಿಗೆ ಪ್ರತಿದಿನ ಗೊತ್ತಾಗುತ್ತಿತ್ತು. ಯೊನಾಸರ ಮಗ ಎಡ್ವರ್ಡ್ ಅವನಿಗಿಂತ ಮೂರು ವರ್ಷ ಚಿಕ್ಕವನು, 1808ರಲ್ಲಿ ಹುಟ್ಟಿದವನು. ಕಾನೂನು ಓದಿ ಸರಕಾರಿ ಕೆಲಸಕ್ಕೆ ಸೇರಿದವನು, ಲೆಕ್ಕಾಚಾರದಲ್ಲಿ ಗಟ್ಟಿ, ಮಾತಿನಲ್ಲಿ ಮಿತ. ಆಂಡರ್ಸನ್ನನ ಬರಹದ ಕಾಗುಣಿತ ತಿದ್ದುತ್ತಿದ್ದವನು, ಪ್ರಕಾಶಕರ ಜೊತೆ ವ್ಯವಹರಿಸುತ್ತಿದ್ದವನು, ಅವನ ಹಣಕಾಸು ನೋಡಿಕೊಳ್ಳುತ್ತಿದ್ದವನು ಎಲ್ಲ ಎಡ್ವರ್ಡನೇ. ಉಕ್ಕುವ ಭಾವುಕತೆಯ ಆಂಡರ್ಸನ್ನನಿಗೆ ಈ ತಣ್ಣಗಿನ, ನೆಟ್ಟಗಿನ ಮನುಷ್ಯ ಅನಿವಾರ್ಯನಾದ.

ಅವರಿಬ್ಬರ ನಡುವೆ ನಡೆದ ಒಂದು ಪ್ರಸಂಗ ಕನ್ನಡ ಓದುಗರಿಗೆ ಬೇರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ, ಏಕೆಂದರೆ ಡೇನಿಷ್ ಭಾಷೆಯಲ್ಲೂ ಆಗ ಕನ್ನಡದಂತೆ 'ನೀನು' ಬೇರೆ, 'ನೀವು' ಬೇರೆ. 1831ರ ಮೇ ತಿಂಗಳಲ್ಲಿ ಜರ್ಮನಿಯ ಪ್ರವಾಸಕ್ಕೆ ಹೊರಟ ಆಂಡರ್ಸನ್ ಎಡ್ವರ್ಡನಿಗೆ ಕಾಗದ ಬರೆದು, ಇನ್ನು ಮುಂದೆ ನಾವಿಬ್ಬರೂ ಒಬ್ಬರನ್ನೊಬ್ಬರು 'ನೀನು' ಎಂದು ಕರೆಯೋಣ ಎಂದು ಕೇಳಿಕೊಂಡ. ಎದುರಿಗೆ ನಿಂತು ಕೇಳಲು ಧೈರ್ಯ ಬಾರದೆ ದೂರದ ಊರು ತಲುಪಿದ ಮೇಲೆ ಕೇಳಿದ್ದು. ಎಡ್ವರ್ಡ್ ಅದೇ ತಿಂಗಳ ಕೊನೆಯಲ್ಲಿ ಉತ್ತರ ಬರೆದ: ಆಗದು. ಉತ್ತರದಲ್ಲಿ ಸಿಟ್ಟಿರಲಿಲ್ಲ. ಕೆಲವರಿಗೆ ಕೆಲವು ವಸ್ತುಗಳ ಬಗ್ಗೆ ಕಾರಣ ಹೇಳಲಾಗದ ಅಸಹನೆ ಇರುವಂತೆ ತನಗೆ ಈ ಸಲುಗೆಯ ಮಾತು ಎಂದು ಆತ ವಿವರಿಸಿದ್ದ. ಗೆಳೆತನ ಮುಂದುವರಿಯಿತು, 'ನೀವು' ಕೂಡ ಮುಂದುವರಿಯಿತು. ಮದುವೆ, ಮಕ್ಕಳು, ಮುಪ್ಪು ಎಲ್ಲವನ್ನೂ ಜೊತೆಯಾಗಿ ಕಂಡ ಈ ಇಬ್ಬರೂ ನಲವತ್ತಕ್ಕೂ ಹೆಚ್ಚು ವರ್ಷ ಪರಸ್ಪರ ಬಹುವಚನದಲ್ಲೇ ಮಾತನಾಡಿಕೊಂಡರು. ಆ ಗಾಯ ಮಾಯಲಿಲ್ಲ ಎನ್ನುವುದಕ್ಕೆ 1847ರಲ್ಲಿ ಬಂದ 'ನೆರಳು' ಎಂಬ ಕಥೆಯೇ ಸಾಕ್ಷಿ. ಅದರಲ್ಲಿ ಒಬ್ಬ ವಿದ್ವಾಂಸನ ನೆರಳು ಅವನಿಂದ ಬಿಡಿಸಿಕೊಂಡು ದೊಡ್ಡ ಮನುಷ್ಯನಾಗುತ್ತದೆ. ಹಳೆಯ ಒಡೆಯ 'ನೀನು' ಎನ್ನೋಣವೇ ಎಂದು ಕೇಳಿದಾಗ, ಬೂದು ಬಣ್ಣದ ಕಾಗದ ಮುಟ್ಟಿದರೆ ಕೆಲವರ ಮೈ ಜುಮ್ಮೆನ್ನುವಂತೆ ನಿಮ್ಮ ಬಾಯಲ್ಲಿ 'ನೀನು' ಕೇಳಿದರೆ ನನಗಾಗುತ್ತದೆ ಎಂದು ನೆರಳು ತಿರಸ್ಕರಿಸುತ್ತದೆ. ಹದಿನಾರು ವರ್ಷದ ಹಿಂದಿನ ಕಾಗದದ ತರ್ಕವನ್ನು ಆಂಡರ್ಸನ್ ತನ್ನ ಅತ್ಯಂತ ಕ್ರೂರ ಪಾತ್ರದ ಬಾಯಿಗೆ ಇಟ್ಟಿದ್ದ.

1830ರ ದಶಕದ ಮೊದಲ ವರ್ಷಗಳಲ್ಲಿ ಎಡ್ವರ್ಡನಿಗೆ ಅವನು ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಅವನು ತನ್ನ ಭಾವನೆಗಳು ಹೆಣ್ಣೊಬ್ಬಳ ಭಾವನೆಗಳಂತಿವೆ ಎನ್ನುತ್ತಾನೆ, ಪ್ರಿಯತಮೆಗಾಗಿ ಹಂಬಲಿಸುವಂತೆ ಎಡ್ವರ್ಡನಿಗಾಗಿ ಹಂಬಲಿಸುತ್ತಿದ್ದೇನೆ ಎನ್ನುತ್ತಾನೆ, ಇದೆಲ್ಲ ಗುಟ್ಟಾಗಿಯೇ ಉಳಿಯಬೇಕು ಎಂದೂ ಹೇಳುತ್ತಾನೆ. ಆ ಕಾಲದ ಯುರೋಪಿನಲ್ಲಿ ಗಂಡಸರು ಪರಸ್ಪರ ಭಾವುಕ ಪತ್ರ ಬರೆಯುವುದು ವಾಡಿಕೆಯಾಗಿತ್ತು, ಅದು ನಿಜ. ಆದರೆ ಆ ವಾಡಿಕೆಯನ್ನು ಎಡ್ವರ್ಡನೂ ಬಲ್ಲವನೇ. ಹಾಗಿದ್ದೂ ಈ ಪತ್ರಗಳಲ್ಲಿ ಅದನ್ನು ಮೀರಿದ್ದೇನೋ ಇದೆ ಎಂದು ಅವನಿಗೆ ತಿಳಿದಿತ್ತು. 1882ರಲ್ಲಿ, ಆಂಡರ್ಸನ್ ತೀರಿಕೊಂಡ ಏಳು ವರ್ಷಕ್ಕೆ, ಎಡ್ವರ್ಡ್ ಒಂದು ನೆನಪಿನ ಪುಸ್ತಕ ಪ್ರಕಟಿಸಿದ. ಆ ಪ್ರೀತಿಗೆ ಸ್ಪಂದಿಸಲು ತನ್ನಿಂದಾಗಲಿಲ್ಲ, ಅದರಿಂದ ಲೇಖಕ ಬಹಳ ನೋವು ಉಂಡ ಎಂದು ಅದರಲ್ಲಿ ಒಪ್ಪಿಕೊಂಡ. ಸಂಬಂಧಪಟ್ಟ ವ್ಯಕ್ತಿಯೇ ನೀಡಿದ ಈ ಹೇಳಿಕೆಗಿಂತ ದೊಡ್ಡ ಪುರಾವೆ ಇಂಥ ವಿಷಯದಲ್ಲಿ ಸಿಗುವುದು ಅಪರೂಪ.

ಡೆನ್ಮಾರ್ಕಿನ ಕಾನೂನು ಆಗ ಇಂಥ ಪ್ರೀತಿಯನ್ನು ಹೇಗೆ ನೋಡುತ್ತಿತ್ತು ಎನ್ನುವುದೂ ಮುಖ್ಯ. ಐದನೆಯ ಕ್ರಿಶ್ಚಿಯನ್ ಅರಸನ 1683ರ ಕಾನೂನು ಸಂಹಿತೆ ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ ಸುಟ್ಟು ಕೊಲ್ಲುವ ಶಿಕ್ಷೆ ವಿಧಿಸಿತ್ತು. 1866ರಲ್ಲಿ ಹೊಸ ಕಾನೂನು ಬಂದು ಅದು ಸೆರೆವಾಸಕ್ಕೆ ಇಳಿಯಿತು. ಅಪರಾಧದ ಪಟ್ಟಿಯಿಂದ ಅದನ್ನು ತೆಗೆದದ್ದು 1933ರಲ್ಲಿ. ಎಂದರೆ 'ಪುಟ್ಟ ಮತ್ಸ್ಯಕನ್ಯೆ' ಬರೆದ ದಿನ ಮರಣದಂಡನೆಯ ಕಲಮು ಪುಸ್ತಕದಲ್ಲಿ ಇನ್ನೂ ಇತ್ತು. ಸಲಿಂಗಪ್ರೇಮಿಗಳು ಎಂಬ ಗುಂಪಿನ ಹೆಸರೂ ಆಗ ಹುಟ್ಟಿರಲಿಲ್ಲ.

ಮನುಷ್ಯರಿಗೂ ನೀರಿನ ಜೀವಿಗಳಿಗೂ ಪ್ರೇಮ ಹುಟ್ಟುವ ಕಥೆ ಆಂಡರ್ಸನ್ನನ ಕಲ್ಪನೆಯಲ್ಲಿ ಮೊದಲು ಮೂಡಿದ್ದಲ್ಲ. ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಜಲದೇವತೆಗಳಿಗೆ ಆತ್ಮವಿಲ್ಲ, ಮನುಷ್ಯನನ್ನು ಮದುವೆಯಾದರೆ ಮಾತ್ರ ಅದು ಸಿಗುತ್ತದೆ ಎಂದು ಬರೆದಿದ್ದ. ಅದೇ ಎಳೆ ಹಿಡಿದು ಜರ್ಮನ್ ಲೇಖಕ ಫ್ರೀಡ್ರಿಖ್ ಫುಕೆ 1811ರಲ್ಲಿ 'ಉಂಡೀನೆ' ಎಂಬ ಕಾದಂಬರಿ ಬರೆದು ಯುರೋಪಿಡೀ ಹೆಸರು ಮಾಡಿದ. ಡೆನ್ಮಾರ್ಕಿನಲ್ಲಂತೂ ಆಗ್ನೆಟೆ ಎಂಬ ಹುಡುಗಿಯನ್ನು ಕಡಲಿನ ಗಂಡು ಮದುವೆಯಾಗಿ ನೀರಿನಡಿ ಕರೆದೊಯ್ಯುವ ಜನಪದ ಲಾವಣಿ ಎಲ್ಲರಿಗೂ ಗೊತ್ತಿತ್ತು. ಆಂಡರ್ಸನ್ 1833ರಲ್ಲಿ ವಿದೇಶ ಪ್ರವಾಸದಲ್ಲಿದ್ದಾಗ ಇದೇ ಲಾವಣಿಯನ್ನು ನಾಟಕಕಾವ್ಯವಾಗಿ ಬರೆದು ಊರಿಗೆ ಕಳಿಸಿದ. ಓದಿದ ಎಡ್ವರ್ಡ್ ಅದನ್ನು ಕಟುವಾಗಿ ಟೀಕಿಸಿ ಬರೆದ ಪತ್ರ ರೋಮ್‌ನಲ್ಲಿ ಅವನ ಕೈಸೇರಿತು. ತಾಯಿ ಸತ್ತ ಸುದ್ದಿಯೂ ಸುಮಾರು ಅದೇ ದಿನಗಳಲ್ಲಿ ಅಲ್ಲಿಗೆ ತಲುಪಿತು. ಆ ಕೃತಿಯಲ್ಲಿ ಹಂಬಲಿಸುವ, ಕೈಬಿಟ್ಟುಹೋಗುವ ನೀರಿನ ಜೀವಿ ಗಂಡಾಗಿತ್ತು. ಮೂರು ವರ್ಷದ ನಂತರ ಅದೇ ಕಡಲಿಗೆ ಮರಳಿದಾಗ ಹಂಬಲಿಸುವ ಜೀವಿ ಹೆಣ್ಣಾಗಿತ್ತು. ಈ ಬದಲಾವಣೆಯಿಂದಲೇ ಅವನಿಗೆ ಹೇಳಬೇಕಾದ್ದನ್ನು ಹೇಳುವ ದಾರಿ ತೆರೆಯಿತು ಎನ್ನಬಹುದು. ಗಂಡಸಿಗಾಗಿ ಹಾತೊರೆಯುವುದನ್ನು ಹೆಣ್ಣಿನ ಬಾಯಲ್ಲಿ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

1836ರ ಆಗಸ್ಟ್ 10ರಂದು ಎಡ್ವರ್ಡ್ ಹೆನ್ರಿಯೆಟ್ಟೆ ಥೈಬರ್ಗಳನ್ನು ಮದುವೆಯಾದ. ಮನೆಯವರು ಅವಳನ್ನು ಯೆಟ್ಟೆ ಎನ್ನುತ್ತಿದ್ದರು. ಆಂಡರ್ಸನ್ ಮದುವೆಯಲ್ಲಿ ಇರಲಿಲ್ಲ, ಆ ಬೇಸಿಗೆಯಲ್ಲಿ ಫ್ಯೂನ್ ದ್ವೀಪದಲ್ಲಿದ್ದ. ಆ ವರ್ಷವೇ ಮತ್ಸ್ಯಕನ್ಯೆಯ ಕಥೆ ಅವನ ಮೇಜಿನ ಮೇಲಿತ್ತು. 1837ರ ಜನವರಿಯಲ್ಲಿ ಅದನ್ನು ಮುಗಿಸಿದ. ಏಪ್ರಿಲಿನಲ್ಲಿ 'ರಾಜನ ಹೊಸ ಬಟ್ಟೆ'ಯ ಜೊತೆಗೆ ಒಂದೇ ಪುಟ್ಟ ಹೊತ್ತಗೆಯಲ್ಲಿ ಅದು ಅಚ್ಚಾಯಿತು. ಬೆತ್ತಲೆ ಅರಸನನ್ನು ಕಂಡು ಇದ್ದದ್ದನ್ನು ಇದ್ದಂತೆ ಕೂಗಿ ಹೇಳುವ ಮಗು, ಹೇಳಬೇಕಾದ್ದನ್ನು ಹೇಳಲಾಗದ ಮೂಕಿ ಎರಡೂ ಒಂದೇ ರಟ್ಟಿನೊಳಗೆ ಓದುಗರ ಕೈಗೆ ಬಂದವು.

ಕಥೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಹೆಚ್ಚಿನವರಿಗೆ ಗೊತ್ತಿರುವುದು ಅದರ ಸಿನಿಮಾ ರೂಪ ಅಥವಾ ಮಕ್ಕಳಿಗೆಂದು ಕತ್ತರಿಸಿದ ರೂಪ. ಕಡಲರಾಜನಿಗೆ ಆರು ಹೆಣ್ಣುಮಕ್ಕಳು. ಕಿರಿಯವಳು ಮಾತು ಕಡಿಮೆ, ಯೋಚನೆ ಹೆಚ್ಚು. ಅಕ್ಕಂದಿರು ಮುಳುಗಿದ ಹಡಗಿನ ಒಡವೆ ವಸ್ತುಗಳಿಂದ ತಮ್ಮ ತೋಟ ಸಿಂಗರಿಸಿದರೆ ಇವಳು ಇಟ್ಟುಕೊಂಡದ್ದು ಒಂದೇ ಒಂದು, ಸುಂದರ ಹುಡುಗನ ಅಮೃತಶಿಲೆಯ ಮೂರ್ತಿ. ನೀರಿನಿಂದ ಮೇಲೇಳುವ ವಯಸ್ಸು ಬಂದಾಗ ಅವಳು ಹಡಗಿನಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ರಾಜಕುಮಾರನನ್ನು ಕಾಣುತ್ತಾಳೆ. ಬಿರುಗಾಳಿಗೆ ಹಡಗು ಒಡೆದಾಗ ಅವನನ್ನು ದಡ ಸೇರಿಸುತ್ತಾಳೆ. ಅವನು ಕಣ್ಣು ಬಿಟ್ಟಾಗ ಎದುರಿಗಿದ್ದವಳು ದಡದ ಗುಡಿಯಿಂದ ಬಂದ ಇನ್ನೊಬ್ಬ ಹುಡುಗಿ. ತನ್ನನ್ನು ಉಳಿಸಿದವಳು ಆಕೆಯೇ ಎಂದು ಅವನು ತಿಳಿಯುತ್ತಾನೆ.

ಮತ್ಸ್ಯಕನ್ಯೆಯರಿಗೆ ಮುನ್ನೂರು ವರ್ಷ ಆಯುಸ್ಸು, ಆಮೇಲೆ ನೊರೆ. ಮನುಷ್ಯರಿಗೆ ಅಷ್ಟು ಆಯುಸ್ಸಿಲ್ಲ, ಆದರೆ ಸಾಯದ ಆತ್ಮವಿದೆ. ಒಬ್ಬ ಮನುಷ್ಯ ಅಪ್ಪ ಅಮ್ಮನಿಗಿಂತ ಹೆಚ್ಚಾಗಿ ನಿನ್ನನ್ನು ಪ್ರೀತಿಸಿ, ಪಾದ್ರಿಯ ಎದುರು ಕೈಹಿಡಿದರೆ ಮಾತ್ರ ಅವನ ಆತ್ಮದಲ್ಲಿ ನಿನಗೂ ಪಾಲು ಎಂದು ಅಜ್ಜಿ ತಿಳಿಸುತ್ತಾಳೆ. ಮದುವೆಯ ವಿಧಿ ಆಗದೆ ಪ್ರೀತಿಗೆ ಬೆಲೆಯಿಲ್ಲ ಎಂಬ ಈ ಷರತ್ತನ್ನು ಗಂಡಸನ್ನು ಪ್ರೀತಿಸಿದ ಗಂಡಸು ಬರೆದದ್ದೆಂದು ನೆನೆದು ಓದಿದರೆ ಅದರ ಭಾರ ಬೇರೆಯೇ ಆಗುತ್ತದೆ.

ಅವಳು ಮೊರೆಹೋದ ಕಡಲ ಮಾಟಗಾತಿ ಅವಳ ಬಾಲವನ್ನು ಕಾಲಾಗಿಸುತ್ತಾಳೆ. ಬೆಲೆಯಾಗಿ ನಾಲಗೆ ಕತ್ತರಿಸಿಕೊಳ್ಳುತ್ತಾಳೆ. ಪ್ರತಿ ಹೆಜ್ಜೆಯೂ ಚೂರಿಯ ಅಲಗಿನ ಮೇಲಿಟ್ಟಂತೆ ಉರಿಯುತ್ತದೆ, ಆದರೂ ನೋಡುವವರಿಗೆ ಆ ನಡಿಗೆ ತೇಲುವಂತೆ ಹಗುರ. ರಾಜಕುಮಾರ ಅವಳನ್ನು ಮನೆಗೆ ಕರೆತಂದು ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ. ಎಲ್ಲೋ ಸಿಕ್ಕಿದ ದಿಕ್ಕಿಲ್ಲದ ಮೂಗಿ ಎಂದೇ ಅವಳನ್ನು ಕರೆಯುತ್ತಾನೆ. ತನ್ನ ಕೋಣೆಯ ಬಾಗಿಲ ಹೊರಗೆ, ಮಖಮಲ್ಲಿನ ದಿಂಬಿನ ಮೇಲೆ ಮಲಗಲು ಅವಳಿಗೆ ಅಪ್ಪಣೆ ಸಿಗುತ್ತದೆ. ಕೋಣೆಯ ಒಳಗೂ ಅಲ್ಲ, ಮನೆಯ ಹೊರಗೂ ಅಲ್ಲ. ಕೊಲಿನ್ ಮನೆಯಲ್ಲಿ ಆಂಡರ್ಸನ್ ಇದ್ದ ಜಾಗ ಸರಿಯಾಗಿ ಇದೇ.

ಇಲ್ಲಿಯೇ ಸಿನಿಮಾಗಳು ಬಿಟ್ಟುಬಿಡುವ ಒಂದು ವಿವರ ಬರುತ್ತದೆ. ರಾಜಕುಮಾರ ಅವಳಿಗೆ ಗಂಡುಡುಗೆ ಹೊಲಿಸುತ್ತಾನೆ, ಕುದುರೆಯೇರಿ ತನ್ನ ಜೊತೆ ಬರಲೆಂದು. ಆ ಉಡುಗೆಯಲ್ಲಿ ಅವಳು ಅವನ ಪಕ್ಕದಲ್ಲಿ ಹಸಿರು ಕೊಂಬೆಗಳು ಹೆಗಲಿಗೆ ತಾಗುವ ಕಾಡಿನಲ್ಲಿ ಸವಾರಿ ಮಾಡುತ್ತಾಳೆ, ಎತ್ತರದ ಬೆಟ್ಟ ಹತ್ತುತ್ತಾಳೆ, ಕಾಲಿನಿಂದ ರಕ್ತ ಸೋರುತ್ತಿದ್ದರೂ ನಗುತ್ತಾಳೆ. ಇಡೀ ಕಥೆಯಲ್ಲಿ ಅವರಿಬ್ಬರೂ ಅತ್ಯಂತ ಸುಖವಾಗಿರುವ ಪುಟ ಇದು. ಆ ಪುಟದಲ್ಲಿ ಅಕ್ಕಪಕ್ಕ ಸಾಗುವ ಇಬ್ಬರೂ ಗಂಡುಡುಗೆಯಲ್ಲಿದ್ದಾರೆ. ಲೇಖಕ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ, ವಿವರಣೆ ಕೊಡುವುದಿಲ್ಲ. ಆದರೆ ಜೀವನಚರಿತ್ರೆ ತಿಳಿದವರಿಗೆ ಈ ಸಾಲನ್ನು ದಾಟಿಹೋಗುವುದು ಕಷ್ಟ.

ಮುಂದಿನದು ಬೇಗ ನಡೆಯುತ್ತದೆ. ರಾಜಕುಮಾರ ನೆರೆಯ ರಾಜ್ಯದ ಕುಮಾರಿಯನ್ನು ನೋಡಲು ಹೋಗುತ್ತಾನೆ. ಗುಡಿಯ ದಡದಲ್ಲಿ ಕಂಡವಳು ಆಕೆಯೇ ಎಂದು ಗುರುತಿಸಿ, ನನ್ನ ಸಂತೋಷದಲ್ಲಿ ನೀನೂ ಸಂತೋಷಪಡು ಎಂದು ಮೂಗಿಗೆ ಹೇಳುತ್ತಾನೆ. ಮದುವೆಯಲ್ಲಿ ಮದುಮಗಳ ಉಡುಪಿನ ಸೆರಗು ಹಿಡಿದು ನಿಲ್ಲುವವಳು ಮತ್ಸ್ಯಕನ್ಯೆಯೇ. ರಾತ್ರಿ ಅಕ್ಕಂದಿರು ನೀರಿನಿಂದ ಮೇಲೆ ಬರುತ್ತಾರೆ. ಕೂದಲನ್ನೆಲ್ಲ ಮಾಟಗಾತಿಗೆ ಕೊಟ್ಟು ಒಂದು ಚೂರಿ ತಂದಿದ್ದಾರೆ. ಸೂರ್ಯ ಹುಟ್ಟುವ ಮುಂಚೆ ಅದನ್ನು ಅವನ ಎದೆಗೆ ಇರಿದರೆ, ರಕ್ತ ಕಾಲಿಗೆ ತಾಕಿ ಅವಳು ಮತ್ತೆ ಕಡಲಿನವಳಾಗುತ್ತಾಳೆ. ಅವಳು ಹಡಗಿನ ಮೇಲಿನ ಡೇರೆಯೊಳಗೆ ಹೋಗಿ, ಅವನ ಎದೆಯ ಮೇಲೆ ಮದುಮಗಳ ತಲೆ ಒರಗಿದ್ದನ್ನು ನೋಡಿ, ಅವನ ಹಣೆಗೆ ಮುತ್ತಿಟ್ಟು, ಚೂರಿಯನ್ನು ಅಲೆಗಳಿಗೆ ಎಸೆದು ತಾನೂ ಹಾರುತ್ತಾಳೆ.

ಸಾಮಾನ್ಯ ದುರಂತ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಆಂಡರ್ಸನ್ ಮುಗಿಸುವುದಿಲ್ಲ. ಅವಳು ನೊರೆಯಾಗಿ ಇಲ್ಲವಾಗದೆ ಗಾಳಿಯ ಹೆಣ್ಣುಮಕ್ಕಳ ಗುಂಪಿಗೆ ಸೇರುತ್ತಾಳೆ. ಮುನ್ನೂರು ವರ್ಷ ಬಿಸಿನಾಡುಗಳಿಗೆ ತಂಪು, ರೋಗದ ಊರುಗಳಿಗೆ ಹೂವಿನ ಗಾಳಿ ಹೊತ್ತೊಯ್ದರೆ ಅವಳಿಗೆ ತನ್ನದೇ ಆತ್ಮ ಸಿಗುತ್ತದೆ. ಅದಕ್ಕೆ ರಾಜಕುಮಾರನ ಪ್ರೀತಿ ಬೇಕಿಲ್ಲ, ಪಾದ್ರಿಯ ಮಂತ್ರವೂ ಬೇಕಿಲ್ಲ. ಬಹಳ ವಿಮರ್ಶಕರಿಗೆ ಈ ಕೊನೆ ಹಿಡಿಸಿಲ್ಲ, ಉಪದೇಶಕ್ಕಾಗಿ ಅಂಟಿಸಿದ್ದು ಎಂದಿದ್ದಾರೆ. ಆದರೆ ಅಂಟಿಸಿದ್ದಲ್ಲ ಎನ್ನುವುದು ಖಚಿತ: ಬರೆಯುವಾಗ ಅವನು ಕಥೆಗೆ ಇಟ್ಟುಕೊಂಡಿದ್ದ ಹೆಸರೇ 'ಗಾಳಿಯ ಹೆಣ್ಣುಮಕ್ಕಳು'. 1837ರ ಫೆಬ್ರವರಿಯಲ್ಲಿ ಹಿರಿಯ ಕವಿ ಇಂಗೆಮನ್‌ಗೆ ಬರೆದ ಕಾಗದದಲ್ಲೂ ಅವನು ಇದನ್ನು ಸ್ಪಷ್ಟಪಡಿಸಿದ್ದಾನೆ. ಫುಕೆಯಂತೆ ತಾನು ಆ ಜೀವಿಯ ಆತ್ಮವನ್ನು ಇನ್ನೊಬ್ಬರ ಪ್ರೀತಿಯ ಮರ್ಜಿಗೆ ಬಿಡಲಿಲ್ಲ, ಹಾಗೆ ಬಿಡುವುದು ತಪ್ಪು ಎಂದು ಅವನ ವಾದ. ಸಿಗದ ಪ್ರೀತಿಯಿಂದ ತಾನು ಅಳಿದುಹೋಗುವುದಿಲ್ಲ, ಪ್ರೀತಿಸಿದ್ದಕ್ಕೇ ಒಂದು ಬೆಲೆಯಿದೆ ಎಂಬ ನಂಬಿಕೆ ಅದರಲ್ಲಿದೆ. ಎಡ್ವರ್ಡನ ಮದುವೆಯಾಗಿ ಆರು ತಿಂಗಳಿಗೆ ಈ ಮಾತನ್ನು ಬರೆಯಲು ಎಷ್ಟು ಗಟ್ಟಿತನ ಬೇಕು ಎನ್ನುವುದನ್ನು ಊಹಿಸಿಕೊಳ್ಳಬಹುದು. ಈ ಕೊನೆಯನ್ನು ಕತ್ತರಿಸಿದ ಕಥೆ ಆಂಡರ್ಸನ್ನನ ಕಥೆಯಲ್ಲ.

ಹಾಗೆಂದು ಇಡೀ ಕಥೆಯನ್ನು ಎಡ್ವರ್ಡನಿಗೆ ಬರೆದ ಪ್ರೇಮಪತ್ರ ಎಂದು ಒಂದೇ ಮಾತಿಗೆ ಇಳಿಸುವುದು ಅನ್ಯಾಯ. ಆಂಡರ್ಸನ್ ಹೆಂಗಸರನ್ನೂ ಪ್ರೀತಿಸಿದ. 1830ರಲ್ಲಿ ರಿಬೋರ್ಗ್ ಫೋಯ್ಟ್ ಎಂಬಾಕೆಗೆ ಮನಸೋತ. ಅವನು ಸತ್ತಾಗ ಎದೆಯ ಮೇಲಿದ್ದ ಪುಟ್ಟ ತೊಗಲಿನ ಚೀಲದಲ್ಲಿ ಸಿಕ್ಕಿದ್ದು ಆಕೆಯ ಹಳೆಯ ಪತ್ರ. ಎಡ್ವರ್ಡನ ತಂಗಿ ಲೂಯಿಸೆಯ ಮೇಲೂ ಮನಸ್ಸಿಟ್ಟಿದ್ದ. 1843ರಲ್ಲಿ ಸ್ವೀಡನ್ನಿನ ಹೆಸರಾಂತ ಗಾಯಕಿ ಯೆನ್ನಿ ಲಿಂಡ್‌ಗೆ ಮಾರುಹೋದ. ಆಕೆ ಅವನನ್ನು ಅಣ್ಣ ಎಂದಳು. ಗಂಡಸರಲ್ಲಿ ಎಡ್ವರ್ಡನ ನಂತರ ವೈಮಾರ್‌ನ ಯುವರಾಜ ಕಾರ್ಲ್ ಅಲೆಕ್ಸಾಂಡರ್, 1860ರ ಆಸುಪಾಸಿನಲ್ಲಿ ಬ್ಯಾಲೆ ನರ್ತಕ ಹರಾಲ್ಡ್ ಶಾರ್ಫ್ ಅವನ ಮನಸ್ಸು ತುಂಬಿದ್ದರು. ಶಾರ್ಫ್ ಜೊತೆಗಿನ ದಿನಗಳು ಅವನ ದಿನಚರಿಯಲ್ಲಿ ಸಂತೋಷದ ದಿನಗಳಾಗಿ ದಾಖಲಾಗಿವೆ. ಅವನು ಯಾರನ್ನೂ ಮದುವೆಯಾಗಲಿಲ್ಲ. ಅವನು ಸಲಿಂಗಪ್ರೇಮಿ ಎಂಬ ವಾದ ಮೊದಲು ವಿಸ್ತಾರವಾಗಿ ಅಚ್ಚಾದದ್ದು 1901ರಲ್ಲಿ, ಬರ್ಲಿನ್ನಿನ ವೈದ್ಯ ಮ್ಯಾಗ್ನಸ್ ಹಿರ್ಶ್‌ಫೆಲ್ಡ್ ನಡೆಸುತ್ತಿದ್ದ ವಾರ್ಷಿಕ ಪತ್ರಿಕೆಯಲ್ಲಿ. ಅಂದಿನಿಂದ ಚರ್ಚೆ ನಿಂತಿಲ್ಲ. ಇಂದಿನ ಹೆಸರನ್ನು ಅಂದಿನ ಮನುಷ್ಯನಿಗೆ ಹಚ್ಚುವುದು ಸರಿಯಲ್ಲ ಎನ್ನುವವರಿದ್ದಾರೆ. ಬಡತನದಿಂದ ಬಂದವನು ದೊಡ್ಡ ಮನೆಯ ಬಾಗಿಲಲ್ಲಿ ನಿಂತ ನೋವೇ ಈ ಕಥೆ ಎನ್ನುವವರಿದ್ದಾರೆ. ದೇಹವನ್ನೇ ಬದಲಿಸಿಕೊಂಡು ಹೊಸ ಲೋಕಕ್ಕೆ ಕಾಲಿಡುವ ಅವಳಲ್ಲಿ ಲಿಂಗಾಂತರಿಗಳು ತಮ್ಮನ್ನು ಕಂಡುಕೊಂಡಿದ್ದಾರೆ. ಈ ಓದುಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಎಡ್ವರ್ಡ್ 'ನೀನು' ಎನ್ನಲು ಒಪ್ಪದ್ದರಲ್ಲಿ ಅಂತಸ್ತಿನ ಅಂತರವೂ ಇತ್ತು, ಮನಸ್ಸಿನ ಅಂತರವೂ ಇತ್ತು. ಆಂಡರ್ಸನ್ನನಿಗೆ ಎರಡೂ ಒಂದೇ ಕದವಾಗಿ ಮುಚ್ಚಿಕೊಂಡವು.

ಈ ಕಥೆಯನ್ನು ಆಮೇಲೆ ಕೈಗೆತ್ತಿಕೊಂಡ ಸಲಿಂಗಪ್ರೇಮಿ ಕಲಾವಿದರ ಸಾಲು ಚಿಕ್ಕದಲ್ಲ. ಆಸ್ಕರ್ ವೈಲ್ಡ್ 1891ರಲ್ಲಿ ಪ್ರಕಟಿಸಿದ ಒಂದು ಕಥೆಯಲ್ಲಿ ಆಂಡರ್ಸನ್ನನ ಕಥೆಯನ್ನು ತಲೆಕೆಳಗಾಗಿಸಿದ. ಅಲ್ಲಿ ಮತ್ಸ್ಯಕನ್ಯೆ ಆತ್ಮಕ್ಕಾಗಿ ನೆಲಕ್ಕೆ ಬರುವುದಿಲ್ಲ, ಬೆಸ್ತರವನೇ ಅವಳಿಗಾಗಿ ತನ್ನ ಆತ್ಮವನ್ನು ಹೊರಗಟ್ಟುತ್ತಾನೆ. ಪಾದ್ರಿ ಆ ಪ್ರೀತಿಯನ್ನು ಪಾಪವೆಂದು ಶಪಿಸುತ್ತಾನೆ. ನಾಲ್ಕು ವರ್ಷದ ನಂತರ ಇಂಗ್ಲೆಂಡಿನ ನ್ಯಾಯಾಲಯ ಗಂಡಸರೊಂದಿಗಿನ ಸಂಬಂಧಕ್ಕಾಗಿ ವೈಲ್ಡ್‌ನಿಗೆ ಎರಡು ವರ್ಷ ಕಠಿಣ ಸಜೆ ಕೊಟ್ಟಿತು. ವೈಲ್ಡ್‌ನ ಕಥೆ ಬಂದು ಸುಮಾರು ನೂರು ವರ್ಷದ ಬಳಿಕ, 1989ರ ನವೆಂಬರಿನಲ್ಲಿ ಡಿಸ್ನಿ ಕಂಪನಿಯ ಅನಿಮೇಶನ್ ಚಿತ್ರ ಬಂತು. ಅದರ ಹಾಡುಗಳನ್ನು ಬರೆದು, ಚಿತ್ರದ ನಿರ್ಮಾಪಕರಲ್ಲೊಬ್ಬನಾಗಿ ಕಥೆಯ ರೂಪವನ್ನೂ ತಿದ್ದಿದ ಹೊವರ್ಡ್ ಆಶ್ಮನ್ ಸಲಿಂಗಪ್ರೇಮಿ. ಮಾಟಗಾತಿ ಉರ್ಸುಲಾಳ ಆಕಾರಕ್ಕೆ ಮಾದರಿಯಾದವನು ಹೆಣ್ಣುವೇಷದಲ್ಲಿ ಹೆಸರಾಗಿದ್ದ ನಟ ಡಿವೈನ್. ನೆಲದ ಲೋಕದಲ್ಲಿ ತನಗೂ ಜಾಗವಿರಲಿ ಎಂದು ಕಡಲಿನ ಹುಡುಗಿ ಹಂಬಲಿಸುವ ಹಾಡನ್ನು ಬರೆದ ಆಶ್ಮನ್ ಏಡ್ಸ್‌ನಿಂದ 1991ರ ಮಾರ್ಚಿನಲ್ಲಿ, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಚಿತ್ರದ ಕೊನೆಯಲ್ಲಿ ಮದುವೆಯಿದೆ, ನೊರೆಯಿಲ್ಲ. ಸುಂದರ ಚಿತ್ರವೇ ಹೌದು, ಆದರೆ ಪ್ರೀತಿ ಸಿಗದೆಯೂ ಬದುಕು ಹಾಳಾಗುವುದಿಲ್ಲ ಎಂಬ ಮೂಲದ ಮಾತು ಅದರಲ್ಲಿ ಉಳಿಯಲಿಲ್ಲ.

ಆಂಡರ್ಸನ್ನನ ಬದುಕನ್ನೂ ಕಥೆಯನ್ನೂ ನೇರವಾಗಿ ಒಂದುಗೂಡಿಸಿದ್ದು ನೃತ್ಯ. 2005ರಲ್ಲಿ ಅವನ ಇನ್ನೂರನೆಯ ಹುಟ್ಟುಹಬ್ಬಕ್ಕೆಂದು ಜಾನ್ ನಾಯ್ಮಯರ್ ರಾಯಲ್ ಡೇನಿಷ್ ಬ್ಯಾಲೆ ತಂಡಕ್ಕೆ ಹೊಸ ಬ್ಯಾಲೆ ಸಂಯೋಜಿಸಿದ. ಅದು ಶುರುವಾಗುವುದೇ ಹಡಗಿನ ಮೇಲೆ ಎಡ್ವರ್ಡನ ಮದುವೆಯನ್ನು ನೆನೆದು ಕೊರಗುವ ಕವಿಯಿಂದ. ಅವನ ಹಂಬಲವೇ ಕಡಲಿನಲ್ಲಿ ಮತ್ಸ್ಯಕನ್ಯೆಯ ರೂಪ ತಾಳುತ್ತದೆ. ಕವಿ ಕೊನೆಯವರೆಗೂ ಅವಳ ಜೊತೆ ರಂಗದ ಮೇಲಿರುತ್ತಾನೆ. ವಿದ್ವಾಂಸರು ನೂರು ವರ್ಷ ವಾದಿಸಿದ್ದನ್ನು ಆ ಬ್ಯಾಲೆ ಮಾತಿಲ್ಲದೆ ತೋರಿಸಿತು.

ಕೋಪನ್‌ಹೇಗನ್ನಿನ ಬಂದರಿನಲ್ಲಿ ಬಂಡೆಯ ಮೇಲೆ ಕೂತ ಕಂಚಿನ ಮತ್ಸ್ಯಕನ್ಯೆ ಜಗತ್ತಿಗೇ ಗೊತ್ತು. ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಕಾರ್ಲ್ ಯಾಕಬ್ಸನ್ ದುಡ್ಡು ಕೊಟ್ಟು, ಎಡ್ವರ್ಡ್ ಎರಿಕ್ಸನ್ ಎಂಬ ಶಿಲ್ಪಿ ಮಾಡಿದ ಈ ಮೂರ್ತಿಯನ್ನು 1913ರ ಆಗಸ್ಟ್ 23ರಂದು ಅನಾವರಣ ಮಾಡಲಾಯಿತು. ಎತ್ತರ ಕೇವಲ 1.25 ಮೀಟರ್, ನೋಡಲು ಬಂದವರು ಇಷ್ಟೇ ಪುಟ್ಟದೇ ಎಂದು ಬೆರಗಾಗುತ್ತಾರೆ. ಅಷ್ಟಾಗಿ ಗೊತ್ತಿಲ್ಲದ್ದು ಅಲ್ಲಿಂದ ಉತ್ತರಕ್ಕೆ, ಹೆಲ್ಸಿಂಗೋರ್ ಪಟ್ಟಣದ ಬಂದರಿನಲ್ಲಿ 2012ರಲ್ಲಿ ನಿಂತ ಇನ್ನೊಂದು ಶಿಲ್ಪ. ಎಲ್ಮ್‌ಗ್ರೀನ್ ಮತ್ತು ಡ್ರಾಗ್ಸೆಟ್ ಎಂಬ ಕಲಾವಿದ ಜೋಡಿ ಮಾಡಿದ ಇದರ ಹೆಸರು 'ಹಾನ್', ಎಂದರೆ 'ಅವನು'. ಅದೇ ಭಂಗಿ, ಅಂಥದೇ ಬಂಡೆ, ಆದರೆ ಕೂತಿರುವವನು ಯುವಕ. ಕನ್ನಡಿಯಂತೆ ಹೊಳೆಯುವ ಉಕ್ಕಿನ ಮೈಯಲ್ಲಿ ನೀರು, ಆಕಾಶ, ಎದುರು ನಿಂತವರ ಮುಖ ಎಲ್ಲ ಮೂಡುತ್ತದೆ. ಗಂಟೆಗೊಮ್ಮೆ ಅವನು ಕ್ಷಣಮಾತ್ರ ಕಣ್ಣು ಮಿಟುಕಿಸುವಂತೆ ಒಳಗೆ ಯಂತ್ರ ಅಳವಡಿಸಿದ್ದಾರೆ. ಆಂಡರ್ಸನ್ ಮೈಸ್ಲಿಂಗ್ ಮೇಷ್ಟರ ಕೈಕೆಳಗೆ ಅವಮಾನ ಉಂಡ ಊರೇ ಇದು. ಡೆನ್ಮಾರ್ಕ್ 1989ರಲ್ಲಿ ಜಗತ್ತಿನಲ್ಲೇ ಮೊದಲು ಸಲಿಂಗ ಜೋಡಿಗಳ ಸಹಬಾಳ್ವೆಯನ್ನು ನೋಂದಾಯಿಸಲು ಕಾನೂನು ಮಾಡಿತ್ತು. ಈ ಶಿಲ್ಪ ಬಂದ 2012ರ ಜೂನ್ ತಿಂಗಳಲ್ಲೇ ಅವರ ಮದುವೆಯನ್ನೂ ಮಾನ್ಯ ಮಾಡಿತು. ಪಾದ್ರಿಯ ಎದುರು ಕೈಹಿಡಿಯಬೇಕೆಂಬ ಕಥೆಯ ಅಜ್ಜಿಯ ಷರತ್ತು ಅಲ್ಲಿನ ಗಂಡಸರಿಬ್ಬರಿಗೆ ಈಗ ಅಸಾಧ್ಯವಲ್ಲ.

ಆಂಡರ್ಸನ್ 1875ರ ಆಗಸ್ಟ್ 4ರಂದು ತೀರಿಕೊಂಡ. ಆಸ್ತಿಯ ಬಹುಪಾಲನ್ನು ಎಡ್ವರ್ಡನ ಹೆಸರಿಗೆ ಬರೆದಿಟ್ಟಿದ್ದ. ಎಡ್ವರ್ಡ್ 1886ರಲ್ಲಿ, ಯೆಟ್ಟೆ ಅವನ ನಂತರ ತೀರಿಕೊಂಡರು. ಇಬ್ಬರನ್ನೂ ಕೋಪನ್‌ಹೇಗನ್ನಿನ ಅಸಿಸ್ಟೆನ್ಸ್ ಸ್ಮಶಾನದಲ್ಲಿ ಆಂಡರ್ಸನ್ನನ ಪಕ್ಕದಲ್ಲೇ ಹೂಳಲಾಯಿತು.  ಈಗ ಅಲ್ಲಿರುವ ಕಲ್ಲಿನ ಮೇಲೆ ಆಂಡರ್ಸನ್ನನ ಹೆಸರೊಂದೇ ಇದೆ. ಅವನ ಕಥೆಯನ್ನು ಮಕ್ಕಳಿಗೆ ಓದಿ ಹೇಳುವವರು, ಅನುವಾದಿಸುವವರು, ಪಠ್ಯಕ್ಕೆ ಸೇರಿಸುವವರು ಗಂಡುಡುಗೆಯ ಸವಾರಿಯನ್ನೂ ಗಾಳಿಯ ಹೆಣ್ಣುಮಕ್ಕಳನ್ನೂ ಬಿಡದೆ, ಅವನು ಬರೆದಷ್ಟನ್ನೂ ಉಳಿಸಿಕೊಡಬೇಕು.